ಚಿಪ್‌ಸೆಟ್ ದುಬಾರಿಯಾದಷ್ಟೂ ಕಂಪ್ಯೂಟರ್ ಚುರುಕಾಗುತ್ತದೆಯೇ?

ಪ್ರಶ್ನೆ: ವಿಡಿಯೊ ಸಂಕಲನದ ಕೆಲಸಕ್ಕಾಗಿ ಬಿಡಿಭಾಗಗಳನ್ನು ಕೊಂಡು ನಾನೇ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಎಎಂಡಿಯ ರೈಜನ್ 7 9700ಎಕ್ಸ್ ಪ್ರೊಸೆಸರ್ ಹೆಚ್ಚುಕಡಿಮೆ ನಿಶ್ಚಯವಾಗಿದೆ. ಮದರ್‌ಬೋರ್ಡ್ ವಿಷಯಕ್ಕೆ ಬಂದರೆ ಬಿ650, ಬಿ840, ಬಿ850, ಎಕ್ಸ್870, ಎಕ್ಸ್870ಇ ಎಂಬ ಚಿಪ್‌ಸೆಟ್‌ಗಳ (ಮದರ್‌ಬೋರ್ಡಿನ ಮೇಲೆ ಕೂತು ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಹೆಸರುಗಳ ನಡುವೆ ತಲೆ ಕೆಟ್ಟಿದೆ. ಒಂದು ಗ್ರಾಫಿಕ್ಸ್ ಕಾರ್ಡ್, ಮೂರು ಎನ್‌ವಿಎಂಇ ಎಸ್‌ಎಸ್‌ಡಿ, ಹಳೆಯ ಎರಡು ಸಾಟಾ ಹಾರ್ಡ್ ಡಿಸ್ಕ್, ಮುಂದೊಂದು ದಿನ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್, ಇಷ್ಟು ನನ್ನ ಅಗತ್ಯ. ಮೇಲ್ದರ್ಜೆಯ ಚಿಪ್‌ಸೆಟ್ ಹಾಕಿಸಿದರೆ ಇಡೀ ಕಂಪ್ಯೂಟರ್ ವೇಗವಾಗುತ್ತದೆ ಎಂದು ಹಿರಿಯ ಸ್ನೇಹಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ಇಂಟೆಲ್ ಕಡೆಗೆ ಹೋದರೆ ಬಿ860 ಮತ್ತು ಝಡ್890 ನಡುವಿನ ವ್ಯತ್ಯಾಸ ಎಂಥದ್ದು?

ಉತ್ತರ: ನಿಮ್ಮ ಪಟ್ಟಿಗೆ ಒಳ್ಳೆಯದೊಂದು ಬಿ850 ಬೋರ್ಡ್ ಸಾಕು, ಸ್ಲಾಟ್‌ಗಳ ಹಂಚಿಕೆ ಸರಿಯಾಗಿರುವ ಬಿ650 ಸಿಕ್ಕರೂ ಅಡ್ಡಿಯಿಲ್ಲ. ಎಕ್ಸ್870ಇ ಕೊಂಡ ಮಾತ್ರಕ್ಕೆ ನಿಮ್ಮ ವಿಡಿಯೊ ರೆಂಡರ್ ಆಗಲು, ಅಂದರೆ ಸಂಕಲನ ಮುಗಿದ ದೃಶ್ಯಗಳು ಅಂತಿಮ ಕಡತವಾಗಲು, ಹಿಡಿಯುವ ಸಮಯದಲ್ಲಿ ಗುರುತಿಸಬಹುದಾದಷ್ಟು ಉಳಿತಾಯ ಆಗುವುದಿಲ್ಲ, ಏಕೆಂದರೆ ಆ ಕೆಲಸ ಮಾಡುವುದು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮತ್ತು ಮೆಮೊರಿಯೇ ಹೊರತು ಚಿಪ್‌ಸೆಟ್ ಅಲ್ಲ. ಎಷ್ಟು ಸಾಧನಗಳನ್ನು ಎಷ್ಟು ವೇಗದ ಸಂಪರ್ಕದಲ್ಲಿ ಏಕಕಾಲಕ್ಕೆ ಜೋಡಿಸಬಹುದು ಎಂಬುದಷ್ಟೇ ಚಿಪ್‌ಸೆಟ್‌ನ ಕೈಯಲ್ಲಿದೆ. ಆದ್ದರಿಂದ ಹೋಲಿಕೆಯನ್ನು ಹೆಸರುಗಳಿಂದ ಆರಂಭಿಸದೆ, ನೀವೇ ಬರೆದಿರುವ ಆ ಸಾಧನಗಳ ಪಟ್ಟಿಯಿಂದ ಆರಂಭಿಸುವುದು ಒಳ್ಳೆಯದು.

ನಿಮ್ಮ ಸ್ನೇಹಿತರ ಮಾತು ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. ಹಿಂದೆ ಮೆಮೊರಿಯನ್ನು ನಿಯಂತ್ರಿಸುವ ವ್ಯವಸ್ಥೆ ಪ್ರೊಸೆಸರ್‌ನಲ್ಲಿರದೆ, ನಾರ್ತ್‌ಬ್ರಿಜ್ ಎಂದು ಕರೆಯುತ್ತಿದ್ದ ಚಿಪ್‌ಸೆಟ್‌ನ ಭಾಗದಲ್ಲಿತ್ತು. 2003ರಲ್ಲಿ ಇಂಟೆಲ್ ಹೊರತಂದ 875ಪಿ ಚಿಪ್‌ಸೆಟ್ ತನ್ನ ಕೆಳಗಿನ ದರ್ಜೆಯ 865ಪಿಇಗಿಂತ ಮೆಮೊರಿಯನ್ನು ಸ್ವಲ್ಪ ಬೇಗ ತಲುಪುತ್ತಿತ್ತು. ಅದೇ ಪ್ರೊಸೆಸರ್, ಅದೇ ಮೆಮೊರಿ ಇದ್ದರೂ ಬೋರ್ಡ್ ಬದಲಾದರೆ ಅಳೆಯಬಹುದಾದ ವ್ಯತ್ಯಾಸ ಕಾಣುತ್ತಿತ್ತು. ವಿಯಾ, ಸಿಸ್, ಎನ್‌ವಿಡಿಯಾ ಮುಂತಾದ ಕಂಪನಿಗಳೆಲ್ಲ ಚಿಪ್‌ಸೆಟ್ ತಯಾರಿಸಿ ಪೈಪೋಟಿ ನಡೆಸುತ್ತಿದ್ದ ಕಾಲವದು. ಅದೇ 2003ರಲ್ಲಿ ಎಎಂಡಿ ತನ್ನ ಅಥ್ಲಾನ್ 64 ಪ್ರೊಸೆಸರ್‌ನೊಳಕ್ಕೆ ಮೆಮೊರಿ ನಿಯಂತ್ರಕವನ್ನು ತಂದಿತು. 2008ರಲ್ಲಿ ಮೊದಲ ಕೋರ್ ಐ7 ಮೂಲಕ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಮರುವರ್ಷ ಪಿ55 ಚಿಪ್‌ಸೆಟ್‌ನ ಜೊತೆಗೆ ಬಂದ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಸಂಪರ್ಕವೂ ಪ್ರೊಸೆಸರ್‌ಗೆ ಸೇರಿಹೋಯಿತು. ಅಲ್ಲಿಗೆ ವೇಗವನ್ನು ನಿರ್ಧರಿಸುತ್ತಿದ್ದ ಕೆಲಸಗಳೆಲ್ಲ ಚಿಪ್‌ಸೆಟ್‌ನ ಕೈತಪ್ಪಿದವು. ಈಗ ಅದು ಮುಖ್ಯವಾಗಿ ಒಂದು ವಿತರಣಾ ಕೇಂದ್ರ: ಪ್ರೊಸೆಸರ್‌ನಿಂದ ಬರುವ ಒಂದು ಸಂಪರ್ಕವನ್ನು ಪಡೆದು, ಅದನ್ನು ಹಲವು ಎಂ.2 ಸ್ಲಾಟ್ (ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಜಾಗ), ಸಾಟಾ ಪೋರ್ಟ್ (ಹಳೆಯ ಬಗೆಯ ಡಿಸ್ಕ್‌ಗಳ ಸಂಪರ್ಕ), ಯುಎಸ್‌ಬಿ ಪೋರ್ಟ್, ನೆಟ್‌ವರ್ಕ್ ಮತ್ತು ವೈಫೈಗಳಿಗೆ ಹಂಚುತ್ತದೆ.

ಈ ಹಂಚಿಕೆಯನ್ನು ಅಳೆಯುವ ಏಕಮಾನ ಪಿಸಿಐಇ ಲೇನ್. ಪಿಸಿಐಇ ಎಂದರೆ ಸಾಧನಗಳನ್ನು ಪ್ರೊಸೆಸರ್ ಅಥವಾ ಚಿಪ್‌ಸೆಟ್‌ಗೆ ಜೋಡಿಸುವ ಸಂಪರ್ಕ ವ್ಯವಸ್ಥೆ; 3.0, 4.0, 5.0 ಅದರ ತಲೆಮಾರುಗಳು. ಒಂದು ಲೇನ್ ಎಂದರೆ ಹೋಗಲು ಒಂದು ಜೋಡಿ, ಬರಲು ಇನ್ನೊಂದು ಜೋಡಿ ತಂತಿ. ಪಿಸಿಐಇ 3.0ರಲ್ಲಿ ಒಂದು ಲೇನ್ ಒಂದೊಂದು ದಿಕ್ಕಿನಲ್ಲೂ ಸೆಕೆಂಡಿಗೆ ಸುಮಾರು 1 ಗಿಗಾಬೈಟ್, 4.0ರಲ್ಲಿ ಸುಮಾರು 2, 5.0ರಲ್ಲಿ ಸುಮಾರು 4 ಗಿಗಾಬೈಟ್ ಸಾಗಿಸುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 4 ಲೇನ್, ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ 16 ಲೇನ್ ಬೇಕು. ಎಎಂ5 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 7000 ಮತ್ತು 9000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 28 ಲೇನ್‌ಗಳಿವೆ. ಅವುಗಳಲ್ಲಿ 4 ಚಿಪ್‌ಸೆಟ್‌ಗೆ ಮೀಸಲು. ಉಳಿದ 24ರಲ್ಲಿ 16 ಗ್ರಾಫಿಕ್ಸ್ ಕಾರ್ಡಿಗೆ, 4 ಮೊದಲ ಎಂ.2 ಸ್ಲಾಟಿಗೆ, ಇನ್ನು 4 ಬೋರ್ಡ್ ತಯಾರಕರು ತಮಗೆ ಬೇಕಾದಂತೆ ಬಳಸಲು. ನೀವು ಬಿ650 ಕೊಂಡರೂ ಎಕ್ಸ್870ಇ ಕೊಂಡರೂ ಪ್ರೊಸೆಸರ್‌ನ ಈ ಲೆಕ್ಕದಲ್ಲಿ ಬದಲಾವಣೆ ಇಲ್ಲ.

ಇಲ್ಲಿಯೇ ಎಎಂಡಿ ಚಿಪ್‌ಸೆಟ್‌ಗಳ ಬಗ್ಗೆ ಜಾಹೀರಾತುಗಳು ಹೇಳದ ಒಂದು ಸಂಗತಿಯನ್ನು ಗಮನಿಸಬೇಕು. ಬಿ650, ಬಿ850, ಎಕ್ಸ್870 ಇವೆಲ್ಲವುಗಳಲ್ಲಿ ಇರುವುದು ಪ್ರೊಮಾಂಟರಿ 21 ಎಂಬ ಒಂದೇ ಚಿಪ್. ಎಕ್ಸ್670, ಎಕ್ಸ್670ಇ, ಎಕ್ಸ್870ಇ ಬೋರ್ಡ್‌ಗಳಲ್ಲಿ ಅದೇ ಚಿಪ್ ಎರಡಿವೆ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ: ಮೊದಲನೆಯದು ಪ್ರೊಸೆಸರ್‌ಗೆ, ಎರಡನೆಯದು ಮೊದಲನೆಯ ಚಿಪ್‌ಗೆ. ಒಂದು ಚಿಪ್‌ನಿಂದ ಪಿಸಿಐಇ 4.0ರ 8 ಲೇನ್ ಮತ್ತು ಸಾಟಾ ಪೋರ್ಟ್‌ಗಳಾಗಿಯೂ ಬಳಸಬಹುದಾದ 3.0ರ 4 ಲೇನ್ ಸಿಗುತ್ತವೆ. ಎರಡು ಚಿಪ್ ಇದ್ದಾಗ, ಅವುಗಳ ನಡುವಿನ ಕೊಂಡಿಗೆ 4 ಲೇನ್ ಕಳೆದು, 4.0ರ 12 ಮತ್ತು 3.0ರ 8 ಲೇನ್ ಉಳಿಯುತ್ತವೆ. ಆದರೆ ಎರಡೂ ಬಗೆಯಲ್ಲಿ ಪ್ರೊಸೆಸರ್‌ನಿಂದ ಚಿಪ್‌ಸೆಟ್‌ಗೆ ಇರುವ ಕೊಂಡಿ ಮಾತ್ರ ಅದೇ 4 ಲೇನ್‌ಗಳ ಪಿಸಿಐಇ 4.0, ಅಂದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್. ಮನೆಗೆ ಎಷ್ಟು ಕೋಣೆ ಸೇರಿಸಿದರೂ ಹೆಬ್ಬಾಗಿಲು ಮೊದಲಿದ್ದಷ್ಟೇ ಅಗಲ. ಎಕ್ಸ್870ಇ ಕೊಡುವುದು ಹೆಚ್ಚು ಸಂಖ್ಯೆಯ ಸಾಧನಗಳಿಗೆ ಜಾಗವನ್ನು. ಅವೆಲ್ಲವೂ ಒಟ್ಟಿಗೆ ಪ್ರೊಸೆಸರ್ ತಲುಪುವ ದಾರಿಯನ್ನಲ್ಲ. ಎರಡನೆಯ ಚಿಪ್‌ಗೆ ಜೋಡಿಸಿದ ಎಸ್‌ಎಸ್‌ಡಿಯ ದತ್ತಾಂಶ ಎರಡು ಚಿಪ್‌ಗಳನ್ನು ಹಾದು ಬರಬೇಕಾದ್ದರಿಂದ ಅಲ್ಪಸ್ವಲ್ಪ ವಿಳಂಬವೂ ಸೇರುತ್ತದೆ, ಬಳಕೆಯಲ್ಲಿ ಅದು ಗಮನಕ್ಕೆ ಬಾರದಿದ್ದರೂ.

ಹೆಸರುಗಳ ವಿಷಯದಲ್ಲಿ ಎಎಂಡಿ ಗ್ರಾಹಕರಿಗೆ ಉಪಕಾರ ಮಾಡಿಲ್ಲ ಎಂದೇ ಹೇಳಬೇಕು. ಎಕ್ಸ್870 ಎಂಬ ಹೆಸರು ಎಕ್ಸ್670ಇಗಿಂತ ಹೊಸದು, ಅಂಕಿಯೂ ದೊಡ್ಡದು. ಆದರೆ ಒಳಗಿರುವುದು ಒಂದೇ ಚಿಪ್, ಆದ್ದರಿಂದ ಲೇನ್‌ಗಳ ಲೆಕ್ಕದಲ್ಲಿ ಅದು ಬಿ650ಇಯ ಸೋದರ. ಇನ್ನೂ ಹೆಚ್ಚು ಎಚ್ಚರ ಬೇಕಾದದ್ದು ನಿಮ್ಮ ಪಟ್ಟಿಯಲ್ಲಿರುವ ಬಿ840ರ ಬಗ್ಗೆ. ಬಿ850ಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂಬಂತೆ ಹೆಸರು ಕೇಳಿಸುತ್ತದೆ, ಆದರೆ ಅದರ ಚಿಪ್‌ಸೆಟ್ ಕೊಡುವ ಲೇನ್‌ಗಳೆಲ್ಲ ಪಿಸಿಐಇ 3.0 ಮಾತ್ರ, ಗ್ರಾಫಿಕ್ಸ್ ಸ್ಲಾಟ್ 4.0ಕ್ಕೆ ನಿಲ್ಲುತ್ತದೆ, ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್‌ಗೂ ಅವಕಾಶವಿಲ್ಲ. ಗುಣದಲ್ಲಿ ಅದು ಕೆಳದರ್ಜೆಯ ಎ620ರ ಪಕ್ಕ ಕೂರುವಂಥದ್ದು. ಕಚೇರಿಯ ಲೆಕ್ಕಪತ್ರದ ಕಂಪ್ಯೂಟರ್‌ಗೆ ಅದು ಸಾಕು. ಮೂರು ಎನ್‌ವಿಎಂಇ ಡಿಸ್ಕ್ ಹಾಕುವ ನಿಮಗೆ ಅಲ್ಲ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಉಳಿದವುಗಳ ನಡುವಿನ ವ್ಯತ್ಯಾಸವೆಂದರೆ, ಬೋರ್ಡ್ ತಯಾರಕರು ಕಡ್ಡಾಯವಾಗಿ ಏನು ಕೊಡಬೇಕೆಂದು ಎಎಂಡಿ ವಿಧಿಸಿದೆ ಎಂಬುದು. ಬಿ650ರಲ್ಲಿ ಪಿಸಿಐಇ 5.0 ಎಸ್‌ಎಸ್‌ಡಿ ಸ್ಲಾಟ್ ಐಚ್ಛಿಕ. ಬಿ850ರಲ್ಲಿ ಅದು ಕಡ್ಡಾಯ, ಗ್ರಾಫಿಕ್ಸ್ ಸ್ಲಾಟ್ 5.0 ಆಗಿರುವುದು ಮಾತ್ರ ಐಚ್ಛಿಕ. ಬಿ650ಇ, ಎಕ್ಸ್870, ಎಕ್ಸ್870ಇಗಳಲ್ಲಿ ಎರಡೂ ಕಡ್ಡಾಯ. ಕೊನೆಯ ಎರಡಕ್ಕೆ ಸೆಕೆಂಡಿಗೆ 40 ಗಿಗಾಬಿಟ್‌ನ ಯುಎಸ್‌ಬಿ4 ಪೋರ್ಟ್ ಕೂಡ ಕಡ್ಡಾಯ.

ಯುಎಸ್‌ಬಿ4 ಕೇಳಲು ಸೊಗಸಾದ ಸೌಲಭ್ಯ. ಆದರೆ ಪ್ರೊಮಾಂಟರಿ ಚಿಪ್‌ನೊಳಗೆ ಅದು ಇಲ್ಲ; ಬೋರ್ಡಿನ ಮೇಲೆ ಬೇರೆಯೇ ಒಂದು ನಿಯಂತ್ರಕ ಚಿಪ್ ಕೂರಿಸಬೇಕು, ಅದಕ್ಕೆ ಸಾಮಾನ್ಯವಾಗಿ ಪ್ರೊಸೆಸರ್‌ನ 4 ಲೇನ್ ಕೊಡುತ್ತಾರೆ. ಆ 4 ಲೇನ್ ಬೇರೆ ಯಾವುವೂ ಅಲ್ಲ, ಬಿ850 ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಸ್ಲಾಟಿಗೆ ಸಿಗಬಹುದಾಗಿದ್ದ, ನೇರವಾಗಿ ಪ್ರೊಸೆಸರ್ ತಲುಪುವ ಲೇನ್‌ಗಳು. ಹಾಗಾಗಿ ಕೆಲವು ಎಕ್ಸ್870 ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಹಾಕಿದ ಕೂಡಲೇ ಅದೂ ಯುಎಸ್‌ಬಿ4ಊ ತಲಾ 2 ಲೇನ್ ಹಂಚಿಕೊಳ್ಳಬೇಕಾಗುತ್ತದೆ. ಹೊರಗಿನ ವೇಗದ ಡಿಸ್ಕ್ ಪೆಟ್ಟಿಗೆಗಳನ್ನು ದಿನವೂ ಜೋಡಿಸುವ ವಿಡಿಯೊ ಸಂಕಲನಕಾರರಿಗೆ ಯುಎಸ್‌ಬಿ4 ಬೆಲೆಬಾಳುವಂಥದ್ದೇ; ಎಸ್‌ಎಸ್‌ಡಿಗಳೆಲ್ಲ ಒಳಗೇ ಇರುವ ನಿಮಗೆ ಅದು ಬಳಸದ ಪೋರ್ಟಿಗಾಗಿ ಬಳಸುವ ಲೇನ್ ಬಿಟ್ಟುಕೊಟ್ಟಂತೆ.

ಈಗ ನಿಮ್ಮ ಪಟ್ಟಿಯನ್ನು ಬಿ850ರ ಮೇಲಿಟ್ಟು ಲೆಕ್ಕ ಹಾಕೋಣ. ಗ್ರಾಫಿಕ್ಸ್ ಕಾರ್ಡಿಗೆ ಪ್ರೊಸೆಸರ್‌ನ 16 ಲೇನ್. ಮೊದಲ ಎಸ್‌ಎಸ್‌ಡಿಗೆ ಪ್ರೊಸೆಸರ್‌ನ 5.0 ವೇಗದ 4 ಲೇನ್, ಎರಡನೆಯ ಎಸ್‌ಎಸ್‌ಡಿಗೆ ಪ್ರೊಸೆಸರ್‌ನ ಉಳಿದ 4 ಲೇನ್. ಪ್ರೊಸೆಸರ್‌ನ ಖಾತೆ ಅಲ್ಲಿಗೆ ಮುಗಿಯಿತು. ಚಿಪ್‌ಸೆಟ್‌ನ 4.0ರ 8 ಲೇನ್‌ಗಳಲ್ಲಿ 4 ಮೂರನೆಯ ಎಸ್‌ಎಸ್‌ಡಿಗೆ, 4 ನೆಟ್‌ವರ್ಕ್ ಕಾರ್ಡ್ ಹಾಕುವ ಸ್ಲಾಟಿಗೆ. 3.0ರ 4 ಲೇನ್‌ಗಳಲ್ಲಿ 2 ನಿಮ್ಮ ಎರಡು ಸಾಟಾ ಡಿಸ್ಕ್‌ಗಳಿಗೆ, ಒಂದು ಬೋರ್ಡಿನಲ್ಲೇ ಇರುವ ನೆಟ್‌ವರ್ಕ್ ಚಿಪ್‌ಗೆ, ಒಂದು ವೈಫೈಗೆ. ಸರಿಯಾಗಿ ತುಂಬಿಕೊಂಡಿತು, ಒಂದೇ ಒಂದು ಲೇನ್ ಮಿಗಲಿಲ್ಲ, ಕೊರತೆಯೂ ಬೀಳಲಿಲ್ಲ. ನಾಲ್ಕನೆಯ ಎನ್‌ವಿಎಂಇ ಡಿಸ್ಕ್ ಅಥವಾ ವಿಡಿಯೊ ಕ್ಯಾಪ್ಚರ್ ಕಾರ್ಡ್ ನಿಮ್ಮ ಯೋಚನೆಯಲ್ಲಿದ್ದರೆ ಮಾತ್ರ ಎರಡು ಚಿಪ್‌ಗಳ ಎಕ್ಸ್670ಇ ಅಥವಾ ಎಕ್ಸ್870ಇ ಕಡೆಗೆ ನೋಡಬೇಕು.

ಈ ಲೆಕ್ಕ ಕಾಗದದ ಮೇಲಿನದು ಎಂಬುದು ನೆನಪಿರಲಿ. ಚಿಪ್‌ಸೆಟ್ ಇಷ್ಟು ಲೇನ್ ಕೊಡಬಲ್ಲದು ಎಂಬುದು ಗರಿಷ್ಠ ಮಿತಿ. ಅವುಗಳನ್ನು ಯಾವ ಸ್ಲಾಟಿಗೆ ಹರಿಸಬೇಕು, ಯಾವುದನ್ನು ಖಾಲಿ ಬಿಡಬೇಕು ಎಂದು ತೀರ್ಮಾನಿಸುವವರು ಬೋರ್ಡ್ ತಯಾರಕರು. ಹೀಗಾಗಿ ಒಂದೇ ಚಿಪ್‌ಸೆಟ್‌ನ ಎರಡು ಬೋರ್ಡ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಎರಡು ಚಿಪ್‌ಸೆಟ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿರುತ್ತದೆ. ಹಣ ಕೊಡುವ ಮೊದಲು ತಯಾರಕರ ಜಾಲತಾಣದಿಂದ ಆ ಬೋರ್ಡಿನ ಕೈಪಿಡಿಯನ್ನು ಇಳಿಸಿಕೊಂಡು, ಎಂ.2 ಸ್ಲಾಟ್‌ಗಳ ಪುಟವನ್ನೂ, ಲೇನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತೋರಿಸುವ ನಕ್ಷೆ ಇದ್ದರೆ ಅದನ್ನೂ ಓದಿ. ಪೆಟ್ಟಿಗೆಯ ಮೇಲೆ ಕಾಣದ ಷರತ್ತುಗಳು ಅಲ್ಲಿರುತ್ತವೆ: ಮೂರನೆಯ ಎಂ.2 ಬಳಸಿದರೆ ಕೆಳಗಿನ ಸ್ಲಾಟ್ ಕೆಲಸ ಮಾಡುವುದಿಲ್ಲ, ಇಂಥ ಎಂ.2 ಬಳಸಿದರೆ ಇಂಥ ಎರಡು ಸಾಟಾ ಪೋರ್ಟ್ ಮುಚ್ಚಿಹೋಗುತ್ತವೆ, ಎರಡನೆಯ 5.0 ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ 16ರಿಂದ 8 ಲೇನ್‌ಗೆ ಇಳಿಯುತ್ತದೆ, ಹೀಗೆ. ಸ್ಲಾಟಿನ ಉದ್ದವನ್ನೂ ನಂಬಬೇಡಿ. ಗ್ರಾಫಿಕ್ಸ್ ಕಾರ್ಡಿನಷ್ಟೇ ಉದ್ದವಿರುವ ಕೆಳಗಿನ ಸ್ಲಾಟಿನೊಳಗೆ ನಿಜವಾಗಿ ಸಂಪರ್ಕ ಇರುವುದು 4 ಲೇನ್‌ಗೆ, ಕೆಲವೊಮ್ಮೆ ಒಂದೇ ಲೇನ್‌ಗೆ. 10 ಗಿಗಾಬಿಟ್ ನೆಟ್‌ವರ್ಕ್ ಎಂದರೆ ಸೆಕೆಂಡಿಗೆ 1.25 ಗಿಗಾಬೈಟ್, ಪಿಸಿಐಇ 3.0ರ ಒಂದೇ ಲೇನ್‌ನಲ್ಲಿ ಅದು ಪೂರ್ತಿಯಾಗಿ ಹರಿಯದು. ಆದ್ದರಿಂದ ನಿಮ್ಮ ಆಯ್ಕೆಯ ಬೋರ್ಡಿನಲ್ಲಿ ಎರಡನೆಯ ಸ್ಲಾಟ್ 4 ಲೇನ್‌ನದೇ, ಮೂರೂ ಎಂ.2 ತುಂಬಿದ ಮೇಲೂ ಅದು ಜೀವಂತವಾಗಿರುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ನಿಮ್ಮ ಮಟ್ಟಿಗೆ ಚಿಪ್‌ಸೆಟ್‌ನ ಹೆಸರಿಗಿಂತ ಈ ಒಂದು ಪ್ರಶ್ನೆಯೇ ಹೆಚ್ಚು ಬೋರ್ಡ್‌ಗಳನ್ನು ಪಟ್ಟಿಯಿಂದ ಹೊರಹಾಕುತ್ತದೆ.

ಚಿಪ್‌ಸೆಟ್‌ನ ಕೊಂಡಿ ಸೆಕೆಂಡಿಗೆ 8 ಗಿಗಾಬೈಟ್ ಮಾತ್ರ ಎಂದೆನಲ್ಲ, ಅದರಿಂದ ತೊಂದರೆಯಾಗುವುದು ಯಾವಾಗ? ಬಹಳ ಮಂದಿ ಅಂದುಕೊಂಡಷ್ಟು ಸುಲಭವಾಗಿ ಆಗುವುದಿಲ್ಲ. ಚಿಪ್‌ಸೆಟ್‌ಗೆ ಜೋಡಿಸಿದ ಒಂದು ಎಸ್‌ಎಸ್‌ಡಿಯಿಂದ ಅಲ್ಲಿಯೇ ಇರುವ ಮತ್ತೊಂದಕ್ಕೆ ಕಡತ ನಕಲು ಮಾಡಿದರೆ ದತ್ತಾಂಶ ಮೇಲೆ ಮೆಮೊರಿಗೆ ಹೋಗಿ ಕೆಳಗೆ ಬರಬೇಕು ನಿಜ. ಆದರೆ ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಪ್ರತ್ಯೇಕ ತಂತಿಗಳಿರುವುದರಿಂದ ಅವು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಇಕ್ಕಟ್ಟಾಗುವುದು ಎರಡು ವೇಗದ ಎಸ್‌ಎಸ್‌ಡಿಗಳಿಂದ ಏಕಕಾಲಕ್ಕೆ ಓದುವಾಗ, ಅಥವಾ ಎರಡಕ್ಕೂ ಏಕಕಾಲಕ್ಕೆ ಬರೆಯುವಾಗ. ಹಲವು ಕ್ಯಾಮೆರಾಗಳ ಕಚ್ಚಾ ದೃಶ್ಯಗಳನ್ನು ಒಟ್ಟಿಗೆ ಸಂಕಲನ ಮಾಡುವವರಿಗೆ ಇಂಥ ಸನ್ನಿವೇಶ ಎದುರಾಗಬಹುದು. ಪರಿಹಾರಕ್ಕೆ ಹಣ ಬೇಕಿಲ್ಲ: ಈಗ ಕೆಲಸ ನಡೆಯುತ್ತಿರುವ ದೃಶ್ಯಗಳ ಡಿಸ್ಕ್ ಮತ್ತು ತಾತ್ಕಾಲಿಕ ಕಡತಗಳ ಡಿಸ್ಕನ್ನು ಪ್ರೊಸೆಸರ್‌ಗೆ ನೇರ ಸಂಪರ್ಕವಿರುವ ಎರಡು ಎಂ.2 ಸ್ಲಾಟ್‌ಗಳಲ್ಲಿ ಹಾಕಿ, ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕನ್ನು ಚಿಪ್‌ಸೆಟ್‌ನ ಸ್ಲಾಟಿಗೆ ಕಳುಹಿಸಿ. ಸಾಮಾನ್ಯವಾಗಿ ಎಲ್ಲರೂ ಇದಕ್ಕೆ ತಿರುಗುಮುರುಗಾಗಿ, ಅತ್ಯಂತ ವೇಗದ ಸ್ಲಾಟಿನಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಕೂರಿಸುತ್ತಾರೆ.

ಇಂಟೆಲ್ ಕಡೆ ಲೆಕ್ಕ ಬೇರೆ, ಅಲ್ಲಿ ದರ್ಜೆ ಏರಿದಾಗ ನಿಜಕ್ಕೂ ಕೆಲವು ಬಾಗಿಲುಗಳು ತೆರೆಯುತ್ತವೆ. 2024ರ ಅಕ್ಟೋಬರ್‌ನಲ್ಲಿ ಕೋರ್ ಅಲ್ಟ್ರಾ 200ಎಸ್ ಸರಣಿಯ ಜೊತೆಗೆ ಬಂದ ಝಡ್890 ಚಿಪ್‌ಸೆಟ್ ಪಿಸಿಐಇ 4.0ರ 24 ಲೇನ್ ಕೊಡುತ್ತದೆ. ಬಿ860 ಕೊಡುವುದು 14, ಎಚ್810 ಕೊಡುವುದು 8. ಅದಕ್ಕಿಂತ ಮುಖ್ಯವಾಗಿ, ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವೆ ಡಿಎಂಐ ಎಂದು ಇಂಟೆಲ್ ಕರೆಯುವ ಕೊಂಡಿ ಝಡ್890ರಲ್ಲಿ 8 ಲೇನ್‌ನದು, ಬಿ860 ಮತ್ತು ಎಚ್810ರಲ್ಲಿ 4 ಲೇನ್‌ನದು. ಅಂದರೆ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಎದುರು 8. ಹಿಂದಿನ ಎಲ್‌ಜಿಎ 1700 ಸಾಕೆಟ್‌ನ ಝಡ್790 ಮತ್ತು ಬಿ760 ನಡುವೆಯೂ ಇದೇ ಅಂತರವಿತ್ತು. ನಿಮ್ಮ ಪಟ್ಟಿಯಷ್ಟೇ ಆದರೆ ಬಿ860ರ 14 ಲೇನ್‌ಗಳೂ ಸಾಲುತ್ತವೆ: ಒಂದು ಎಸ್‌ಎಸ್‌ಡಿ ಪ್ರೊಸೆಸರ್‌ಗೆ, ಎರಡು ಚಿಪ್‌ಸೆಟ್‌ಗೆ ಎಂದುಕೊಂಡರೂ ನೆಟ್‌ವರ್ಕ್ ಕಾರ್ಡ್ ಮತ್ತು ಇತರ ಸಣ್ಣಪುಟ್ಟ ಸಂಪರ್ಕಗಳಿಗೆ 6 ಲೇನ್ ಉಳಿಯುತ್ತವೆ. ಮೂರು ನಾಲ್ಕು ಎಸ್‌ಎಸ್‌ಡಿಗಳಿಂದ ಏಕಕಾಲಕ್ಕೆ ಭಾರೀ ಓದು ನಡೆಸುವವರಾದರೆ, ಝಡ್890ರ ಅಗಲವಾದ ಕೊಂಡಿ ಕೊಡುವ ಅನುಕೂಲವನ್ನು ಎಎಂಡಿಯ ಯಾವ ಎಎಂ5 ಚಿಪ್‌ಸೆಟ್ ಕೂಡ ಕೊಡುವುದಿಲ್ಲ ಎಂಬುದನ್ನು ನಿರ್ದಾಕ್ಷಿಣ್ಯವಾಗಿ ಹೇಳಬೇಕು.

ಓವರ್‌ಕ್ಲಾಕಿಂಗ್ ಇಂಟೆಲ್‌ನಲ್ಲಿ ಝಡ್ ಅಕ್ಷರದ ಚಿಪ್‌ಸೆಟ್‌ಗಳಿಗೆ ಮಾತ್ರ ಮೀಸಲು. ಎಎಂಡಿಯಲ್ಲಿ ಬಿ650, ಬಿ850ಗಳಲ್ಲೂ ಸಾಧ್ಯ. ಹಾಗಾಗಿ ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರನ್ನು ಬಿ860 ಬೋರ್ಡಿನಲ್ಲಿ ಹಾಕಿದರೆ ಅದು ನಿಗದಿತ ವೇಗದಲ್ಲಿ ಚೆನ್ನಾಗಿಯೇ ಓಡುತ್ತದೆ, ಆದರೆ ಆ ‘ಕೆ’ ಸೂಚಿಸುವ ಓವರ್‌ಕ್ಲಾಕಿಂಗ್ ಸ್ವಾತಂತ್ರ್ಯ ಬಳಕೆಗೆ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈಚಿನ ಪ್ರೊಸೆಸರ್‌ಗಳು ತಮ್ಮ ವೇಗದ ಬಹುಪಾಲನ್ನು ತಾವೇ ಹಿಂಡಿ ತೆಗೆಯುವುದರಿಂದ ದುಡಿಮೆಯ ಕಂಪ್ಯೂಟರಿಗೆ ಇದು ದೊಡ್ಡ ನಷ್ಟವಲ್ಲ. ಮೆಮೊರಿಯ ವೇಗ ಹೆಚ್ಚಿಸುವ ಸೌಲಭ್ಯ ಇದಕ್ಕಿಂತ ಉಪಯುಕ್ತ. ಅದು ಬಿ ದರ್ಜೆಯಲ್ಲಿ ಎರಡೂ ಕಂಪನಿಗಳಲ್ಲಿದೆ.

ಪಿಸಿಐಇ 5.0 ಎಂಬ ಅಂಕಿಗೆ ಎಷ್ಟು ಬೆಲೆ ಕೊಡಬೇಕು ಎಂಬುದೂ ನಿಮ್ಮ ಗೊಂದಲದ ಭಾಗವೇ. 5.0 ಎಸ್‌ಎಸ್‌ಡಿಗಳಲ್ಲಿ ವೇಗದವು ಸೆಕೆಂಡಿಗೆ 14 ಗಿಗಾಬೈಟ್ ಆಸುಪಾಸು ಓದುತ್ತವೆ, 4.0ರವು 7ರ ಆಸುಪಾಸು. ದೊಡ್ಡ ಕಡತವೊಂದನ್ನು ಸರಾಗವಾಗಿ ಓದುವಾಗ ಮಾತ್ರ ಈ ವ್ಯತ್ಯಾಸ ಕಾಣುತ್ತದೆ, ಅದೂ ನಕಲು ಮಾಡುವಾಗ ಆಚೆ ತುದಿಯ ಡಿಸ್ಕ್ ಅಷ್ಟೇ ವೇಗದ್ದಾಗಿದ್ದರೆ. ತಂತ್ರಾಂಶ ತೆರೆಯುವಾಗ, ಕಂಪ್ಯೂಟರ್ ಚಾಲೂ ಆಗುವಾಗ ಗುರುತು ಹಿಡಿಯುವುದು ಕಷ್ಟ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ 16 ಲೇನ್‌ಗಳೂ ಇದ್ದರೆ 4.0 ಮತ್ತು 5.0 ನಡುವೆ ಈಗಿನ ಕಾರ್ಡ್‌ಗಳಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೆ ಕಡಿಮೆ ಲೇನ್‌ಗಳ ಕಾರ್ಡ್ ಆದರೆ ಮಾತು ಬೇರೆ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನಲ್ಲಿ 4 ಲೇನ್ ಮಾತ್ರ ಇದ್ದುದರಿಂದ, ಪಿಸಿಐಇ 3.0 ಬೋರ್ಡಿನಲ್ಲಿ ಅದು ಸ್ಪಷ್ಟವಾಗಿ ಕುಂಟುತ್ತಿತ್ತು.

ಇದಕ್ಕೆ ಸೇರಿದ ಇನ್ನೊಂದು ಬಲೆಯಿದೆ: ಬೋರ್ಡ್ ಮೇಲ್ದರ್ಜೆಯದಾದರೂ ಪ್ರೊಸೆಸರ್ ಕಡಿಮೆ ಲೇನ್‌ನದಾದರೆ ಪ್ರೊಸೆಸರ್ ಹೇಳಿದ್ದೇ ಕೊನೆಯ ಮಾತು. ನಿಮ್ಮ 9700ಎಕ್ಸ್‌ಗೆ ಈ ಸಮಸ್ಯೆಯಿಲ್ಲ. ಆದರೆ ಹಣ ಉಳಿಸಲು ಕೊನೆಯ ಗಳಿಗೆಯಲ್ಲಿ ಅದೇ ಸಾಕೆಟ್‌ನ ರೈಜನ್ 8000ಜಿ ಸರಣಿಗೆ ಬದಲಾಯಿಸಿದಿರಾದರೆ ಪಿಸಿಐಇ 5.0 ಸಂಪೂರ್ಣ ಹೋಗುತ್ತದೆ. 8700ಜಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸಿಗುವುದು 8 ಲೇನ್, 8500ಜಿಯಲ್ಲಿ ಬರೀ 4. ಹಿಂದಿನ ಎಎಂ4 ಸಾಕೆಟ್‌ನಲ್ಲೂ ಹೀಗೆಯೇ ಬಿ550 ಬೋರ್ಡಿಗೆ ರೈಜನ್ 5 5500 ಹಾಕಿದವರಿಗೆ ಬೋರ್ಡಿನ ಪಿಸಿಐಇ 4.0 ಸಿಗದೆ 3.0ಕ್ಕೇ ತೃಪ್ತಿಪಡಬೇಕಾಯಿತು.

ಚಿಪ್‌ಸೆಟ್‌ನ ಹೆಸರು ಹೇಳದೇ ಬಿಡುವ ಅತಿ ಮುಖ್ಯ ಸಂಗತಿ ವಿದ್ಯುತ್ ಪೂರೈಕೆ. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಸಿದ್ಧಪಡಿಸುವ ವಿಆರ್‌ಎಂ ಎಂಬ ಭಾಗ ಸಾಕೆಟ್‌ನ ಸುತ್ತ ಇರುತ್ತದೆ. ಅದರ ಗುಣಮಟ್ಟ ಬೋರ್ಡ್ ತಯಾರಕರಿಗೆ ಬಿಟ್ಟದ್ದು. ಗಂಟೆಗಟ್ಟಲೆ ರೆಂಡರ್ ನಡೆಯುವಾಗ ದುರ್ಬಲ ವಿಆರ್‌ಎಂ ಬಿಸಿಯೇರಿ ಪ್ರೊಸೆಸರ್‌ನ ವೇಗವನ್ನು ತಾನೇ ತಗ್ಗಿಸುತ್ತದೆ. ಬೋರ್ಡಿನಿಂದಾಗಿ ನಿಮ್ಮ ಕೆಲಸ ನಿಧಾನವಾಗುವ ಸಾಧ್ಯತೆಯಿದ್ದರೆ ಅದು ಬಹುಮಟ್ಟಿಗೆ ಇಲ್ಲೇ. ನಿಮ್ಮ 9700ಎಕ್ಸ್ 65 ವ್ಯಾಟ್ ವರ್ಗದ್ದು, ಪೂರ್ತಿ ದುಡಿದಾಗಲೂ ಸಾಮಾನ್ಯವಾಗಿ 88 ವ್ಯಾಟ್‌ನ ಮಿತಿಯಲ್ಲಿರುತ್ತದೆ. ಯಾವುದೇ ಮಧ್ಯಮ ದರ್ಜೆಯ ಬಿ850 ಅದನ್ನು ನಿರಾಯಾಸವಾಗಿ ಹೊರುತ್ತದೆ. ಮುಂದೆ 16 ಕೋರ್‌ಗಳ 9950ಎಕ್ಸ್‌ಗೆ ಏರುವ ಆಸೆಯಿದ್ದರೆ ಅದು 230 ವ್ಯಾಟ್‌ವರೆಗೆ ಎಳೆಯುತ್ತದೆ. ಆಗ ವಿಆರ್‌ಎಂ ಮೇಲೆ ದಪ್ಪನೆಯ ಲೋಹದ ಶಾಖಹಾರಿ ಇರುವ, ಸ್ವತಂತ್ರ ಪರೀಕ್ಷೆಗಳಲ್ಲಿ ಉಷ್ಣಾಂಶ ಅಳೆದು ತೋರಿಸಿರುವ ಬೋರ್ಡನ್ನೇ ಆರಿಸಿ. ಸಪೂರವಾದ ಎಕ್ಸ್870ಕ್ಕಿಂತ ಗಟ್ಟಿಮುಟ್ಟಾದ ಬಿ850 ಮೇಲು.

ಮೆಮೊರಿಗೆ ನಾಲ್ಕು ಸ್ಲಾಟ್ ಇದ್ದರೂ ಎರಡನ್ನೇ ತುಂಬಿ. ಡಿಡಿಆರ್5 ಮೆಮೊರಿಯ ನಾಲ್ಕು ಪಟ್ಟಿ (ಸ್ಟಿಕ್) ಹಾಕಿದರೆ ಎಎಂ5ರಲ್ಲಿ ಎಎಂಡಿ ಭರವಸೆ ಕೊಡುವ ವೇಗ ಸೆಕೆಂಡಿಗೆ 3600 ಮೆಗಾಟ್ರಾನ್ಸ್‌ಫರ್‌ಗೆ (ಒಂದು ಮೆಗಾಟ್ರಾನ್ಸ್‌ಫರ್ ಎಂದರೆ ಹತ್ತು ಲಕ್ಷ ವರ್ಗಾವಣೆ) ಇಳಿಯುತ್ತದೆ. ಎರಡೇ ಇದ್ದರೆ 9000 ಸರಣಿಯಲ್ಲಿ ಅದು 5600. ವಿಡಿಯೊ ಕೆಲಸಕ್ಕೆ 64 ಗಿಗಾಬೈಟ್ ಬೇಕೆನಿಸಿದರೆ 32ರ ಎರಡು ಪಟ್ಟಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿಯಾಗಿ ಕೊಳ್ಳಿ. ಈ ವಿಷಯದಲ್ಲಿ ಚಿಪ್‌ಸೆಟ್ ಯಾವುದಾದರೂ ಒಂದೇ.

ಕೊನೆಗೆ ಬಯಾಸ್, ಅಂದರೆ ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶದ ವಿಚಾರ. ಬಿ650 ಬೋರ್ಡ್‌ಗಳು 2022ರಲ್ಲಿ ಬಂದವು, ನಿಮ್ಮ ಪ್ರೊಸೆಸರ್ 2024ರ ಆಗಸ್ಟ್‌ನಲ್ಲಿ. ದಾಸ್ತಾನಿನಲ್ಲಿ ಬಹುಕಾಲ ಉಳಿದ ಬಿ650 ಬೋರ್ಡಿನಲ್ಲಿ ಹಳೆಯ ಬಯಾಸ್ ಇದ್ದರೆ 9700ಎಕ್ಸ್ ಕೂರಿಸಿದಾಗ ತೆರೆಯ ಮೇಲೆ ಏನೂ ಮೂಡದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಗುಂಡಿ ಹಿಂಬದಿಯಲ್ಲಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಮಾರುವವರೇ ನವೀಕರಿಸಿ ಕೊಡಲಿ. ಬಿ850ಗೆ ಈ ತೊಡಕಿಲ್ಲ, ಬಿ650ಕ್ಕಿಂತ ಅದನ್ನು ಮುಂದಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಎಎಂ5 ಸಾಕೆಟನ್ನು 2027ರವರೆಗೂ ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆಯಾದರೂ, ಸಾಕೆಟ್ ಹೊಂದುವುದೂ ನಿಮ್ಮ ಬೋರ್ಡಿಗೆ ಹೊಸ ಬಯಾಸ್ ಬರುವುದೂ ಬೇರೆ ಬೇರೆ. 2020ರಲ್ಲಿ ಎಎಂ4ರ 400 ಸರಣಿಯ ಬೋರ್ಡ್‌ಗಳಿಗೆ ರೈಜನ್ 5000 ಬೆಂಬಲ ಕೊಡುವುದಿಲ್ಲವೆಂದು ಮೊದಲು ಘೋಷಿಸಿದ ಕಂಪನಿ, ಬಳಕೆದಾರರ ಅಸಮಾಧಾನದ ನಂತರ ಮನಸ್ಸು ಬದಲಿಸಿತು. ಬಯಾಸ್ ಕೂರುವ ಸಣ್ಣ ಮೆಮೊರಿ ಚಿಪ್‌ನಲ್ಲಿ ಜಾಗ ಸಾಲದೆಂಬುದು ಅಂದು ಕೊಟ್ಟ ಕಾರಣಗಳಲ್ಲಿ ಒಂದಾಗಿತ್ತು. ಆದ್ದರಿಂದ ಎರಡು ಬಿ850 ಬೋರ್ಡ್‌ಗಳು ಉಳಿದೆಲ್ಲದರಲ್ಲೂ ಸಮನಾಗಿ ಕಂಡರೆ, ಬಯಾಸ್ ಚಿಪ್‌ನ ಗಾತ್ರ ದೊಡ್ಡದಿರುವುದನ್ನು, ಮತ್ತು ತನ್ನ ಹಳೆಯ ಬೋರ್ಡ್‌ಗಳಿಗೆ ಈಗಲೂ ಬಯಾಸ್ ಬಿಡುಗಡೆ ಮಾಡುತ್ತಿರುವ ತಯಾರಕರದ್ದನ್ನು ತೆಗೆದುಕೊಳ್ಳಿ. ಎರಡೂ ವಿವರಗಳು ತಯಾರಕರ ಜಾಲತಾಣದಲ್ಲಿ ಆಯಾ ಬೋರ್ಡಿನ ಪುಟದಲ್ಲೇ ಸಿಗುತ್ತವೆ.